ಆಡದೆ ಇಟ್ಟ ಕೊನೆಯ ಮಾತು

ನ್ಯೂಯಾರ್ಕ್
6 ಫೆಬ್ರವರಿ 1911, ಸೋಮವಾರ

ಪ್ರೀತಿಯ ತಿರ್ಜಾ ಅಕ್ಕ,

ನಿಂತುಕೊಂಡು ಓದ್ತಿದ್ರೆ ಮೊದಲು ಕೂತ್ಕೋ. ನನ್ನ ನಾಟಕ ಒಪ್ಪಿಗೆಯಾಯ್ತು. ನಾನು ಪಾತ್ರ ಮಾಡೋ ನಾಟಕ ಅಲ್ಲ ಕಣೇ, ನಾನು ಬರೆದ ನಾಟಕ. ಹದಿನಾರು ವರ್ಷ ಇನ್ಯಾರೋ ಬರೆದ ಮಾತನ್ನ ಬಾಯಿಪಾಠ ಮಾಡಿಕೊಂಡು ಊರೂರು ಸುತ್ತಿದೆ. ಈಗ ನನ್ನ ಮಾತನ್ನ ಬೇರೆಯವರು ಬಾಯಿಪಾಠ ಮಾಡೋ ಕಾಲ ಬಂತು. ಮ್ಯಾನೇಜರ್ ಮಿಸ್ಟರ್ ಲೆವರಿಂಗ್ ಮೂರು ಅಂಕಾನೂ ಒಂದೇ ಪಟ್ಟಿಗೆ ಕೂತು ಓದಿದರಂತೆ. "ಹೆಂಗಸು ಬರೆದದ್ದು ಅಂತ ಗೊತ್ತೇ ಆಗಲಿಲ್ಲ" ಅಂದರು. ಅದು ಹೊಗಳಿಕೆ ಅಂತ ಅವರ ನಂಬಿಕೆ. ಕರಾರಿಗೆ ಇನ್ನೂ ಸಹಿ ಬಿದ್ದಿರಲಿಲ್ಲ, ಅದಕ್ಕೇ ನಾನೂ ನಕ್ಕುಬಿಟ್ಟೆ.

ಮೊದಲ ಪ್ರದರ್ಶನ ಮಾರ್ಚ್ 20ಕ್ಕೆ. ಎಲ್ಲಿ ಗೊತ್ತಾ? ಕೊಲಂಬಸ್‌ನಲ್ಲಿ. ನೀನು ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರ್ತೀಯ. ಅಲ್ಲಿ ಎರಡು ವಾರ ಆಡಿ, ಸರಿಯಿಲ್ಲದ ಕಡೆ ಬಿಚ್ಚಿ ಹೊಲಿದು, ಏಪ್ರಿಲ್ 10ಕ್ಕೆ ನ್ಯೂಯಾರ್ಕು. ಕೊಲಂಬಸ್‌ನಲ್ಲಿ ನಾಟಕ ಮಲಗಿದರೆ ನ್ಯೂಯಾರ್ಕ್ ಇಲ್ಲ. ನನಗೀಗ ಮೂವತ್ತೈದು ಅಕ್ಕಾ. ಇನ್ನೆರಡು ವರ್ಷಕ್ಕೆ ಅತ್ತೆ, ಚಿಕ್ಕಮ್ಮ ಬಿಟ್ಟರೆ ಬೇರೆ ಪಾತ್ರ ಯಾರೂ ಕೊಡಲ್ಲ. ಇದು ಬಿದ್ದರೆ ನಾನೂ ಬಿದ್ದ ಹಾಗೇ.

ಇನ್ನೊಂದು ವಿಷಯ. ಹ್ಯಾಂಡ್‌ಬಿಲ್ಲಿನ ಮೇಲೆ ‘ಹೆಲೆನ್ ಕಾರ್’ ಬೇಡ, ‘ಡ್ರೂಸಿಲ್ಲಾ ಲೂಮಿಸ್’ ಅಂತ ಹಾಕಿ ಅಂದಿದ್ದೀನಿ. ಆಟದವಳ ಹೆಸರಿನ ಜೊತೆ ತನ್ನ ಹೆಸರು ಸೇರಬಾರದು ಅಂತ ಅಪ್ಪ ಹೇಳಿದ್ದಕ್ಕೇ ತಾನೇ ನಾನು ಆ ಸುಳ್ಳು ಹೆಸರು ಇಟ್ಕೊಂಡದ್ದು. ಆದರೆ ಸಾಯೋ ಮುಂಚೆ ಕೊನೇ ಮೂರು ದಿನ ನನ್ನ ಹೆಸರನ್ನೇ ಕರೀತಾ ಹೋದರು ಅಂತ ನೀನೇ ಬರೆದಿದ್ದೆಯಲ್ಲ. ಕ್ಷಮಿಸಿದರು ಅಂತ ತಾನೇ ಅದರ ಅರ್ಥ. ಹಾಗಾದರೆ ಆ ಹೆಸರಿನ ಮೇಲೆ ನನಗೂ ಹಕ್ಕಿದೆ.

ಕಥೆ ದೊಡ್ಡದೇನಲ್ಲ. ಇಬ್ಬರು ಅಕ್ಕತಂಗಿಯರು, ಒಬ್ಬ ಅಪ್ಪ, ಒಂದು ಮನೆ. ತಂಗಿಯ ಪಾತ್ರ ನನ್ನದು. ನಿನಗೆ ಮುಂದಿನ ಸಾಲಿನ ಟಿಕೀಟು ಇಟ್ಟಿರ್ತೀನಿ.

ನಿನ್ನ ಡ್ರೂಸಿ


ಹಾರ್ಮನ್ಸ್ ಫೆರಿ, ಓಹಾಯೊ
10 ಫೆಬ್ರವರಿ 1911

ಪ್ರೀತಿಯ ಡ್ರೂಸಿಲ್ಲಾ,

ಕೂತೇ ಓದಿದೆ. ಸಂತೋಷವಾಯಿತು. ನೀನು ಏಳು ವರ್ಷದವಳಿದ್ದಾಗ ಅಪ್ಪನ ಗಾಡಿ ಶೆಡ್ಡಿನಲ್ಲಿ ಕೋಳಿಗಳನ್ನು ಸಾಲಾಗಿ ಕೂರಿಸಿ ನಾಟಕ ಆಡುತ್ತಿದ್ದೆ. ಕೋಳಿಗಳು ಎದ್ದು ಹೋದರೆ ಅಳುತ್ತಿದ್ದೆ. ಕೊಲಂಬಸ್ಸಿನವರು ಕೂತಿರಲಿ ಎಂದು ಹಾರೈಸುತ್ತೇನೆ.

ಇಲ್ಲಿ ನದಿಯ ಮಂಜುಗಡ್ಡೆ ಒಡೆಯಿತು, ದೋಣಿ ಓಡಾಟ ಶುರುವಾಗಿದೆ. ಶಾಲೆಯ ಒಲೆ ಹೊಗೆ ಕಾರುತ್ತದೆ. ನಾನು ಹೆಡ್ ಮೇಡಂ ಆಗಿ ನಾಲ್ಕನೇ ವರ್ಷ ಮುಗಿಯುತ್ತಿದೆ. ಪ್ರತಿ ಮಾರ್ಚಿನಲ್ಲೂ ಬೋರ್ಡಿನ ಏಳು ಜನ ಕೂತು ಇವಳು ಮುಂದಿನ ವರ್ಷಕ್ಕೂ ಇರಲೋ ಬೇಡವೋ ಎಂದು ಕೈ ಎತ್ತುತ್ತಾರೆ. ನನಗಿಂತ ಮುಂಚೆ ಇದ್ದ ಗಂಡಸಿಗೆ ಹಾಗೆ ಕೈ ಎತ್ತಿದ್ದನ್ನು ನಾನು ಕಂಡಿಲ್ಲ. ಈಗ ಅಧ್ಯಕ್ಷರು ಡೀಕನ್ ವಿಟ್ಲಾಕ್, ಚರ್ಚಿನ ಹಿರಿಯರು. ಅಪ್ಪನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವರು, ನಿನಗೆ ನೆನಪಿರಬಹುದು.

ಹೆಸರಿನ ವಿಷಯ ಇನ್ನೊಮ್ಮೆ ಯೋಚಿಸು. ಹೆಲೆನ್ ಕಾರ್ ಎಂದರೆ ಜನಕ್ಕೆ ಗೊತ್ತಿದೆ.

ಒಂದು ಪ್ರಶ್ನೆ. ನಾಟಕದಲ್ಲಿ ತಂತಿಯ ವಿಷಯ ಬರುತ್ತದೆಯೇ? ಪೂರ್ತಿ ಪ್ರತಿ ಕಳಿಸಿಕೊಡು, ಓದಿ ವಾಪಸು ಕಳಿಸುತ್ತೇನೆ.

ತಿರ್ಜಾ


ನ್ಯೂಯಾರ್ಕ್
15 ಫೆಬ್ರವರಿ 1911

ಅಕ್ಕಾ,

ಬರುತ್ತೆ. ನಿನ್ನ ಹತ್ತಿರ ಸುಳ್ಳು ಯಾಕೆ. ಅಪ್ಪ ಹಾಸಿಗೆ ಹಿಡಿದಾಗ ಅಕ್ಕ ತಂಗಿಗೆ ತಂತಿ ಕಳಿಸಲ್ಲ, ತಂಗಿ ಬರೋ ಹೊತ್ತಿಗೆ ಮಣ್ಣು ಮಾಡಿ ಆಗಿರುತ್ತೆ. ಆದರೆ ಅವಳು ನೀನಲ್ಲ. ಅವಳ ಹೆಸರು ಮಾರ್ಥಾ, ಟೋಪಿ ಹೊಲೀತಾಳೆ, ನಿನ್ನ ಹಾಗೆ ಕನ್ನಡಕ ಕೂಡ ಇಲ್ಲ. ಸರಿನಾ?

ಪೂರ್ತಿ ಪ್ರತಿ ಕಳಿಸೋಕಾಗಲ್ಲ. ಇರೋದು ಒಂದೇ, ಅದು ಲೆವರಿಂಗ್ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಹೊರಗೆ ಬಿಟ್ಟರೆ ಟೈಪ್ ಮಾಡೋರೇ ಕದ್ದು ಇನ್ನೊಂದು ಪ್ರತಿ ಎಳೆದು ಪಶ್ಚಿಮದ ಕಂಪನಿಗಳಿಗೆ ಮಾರಿಬಿಡ್ತಾರೆ. ನಟರಿಗೇ ಪೂರ್ತಿ ನಾಟಕ ಕೊಡಲ್ಲ. ಅವರವರ ಮಾತಷ್ಟೇ ಇರೋ ಒಂದು ಸಣ್ಣ ಪುಸ್ತಕ ಕೊಡ್ತಾರೆ. ಮಾತು ಯಾವಾಗ ಶುರು ಮಾಡಬೇಕು ಅಂತ ತಿಳೀಬೇಕಲ್ಲ, ಅದಕ್ಕೆ ಹಿಂದಿನವರ ಮಾತಿನ ಬಾಲ, ಕೊನೇ ಎರಡು ಮೂರು ಪದ, ಚುಕ್ಕಿ ಹಾಕಿ ಬರೆದಿರ್ತಾರೆ. ಮಾರ್ಥಾಳ ಪುಸ್ತಕ ಒಂದು ಹೆಚ್ಚಿಗೆ ಇತ್ತು, ಇದರ ಜೊತೆ ಕಳಿಸ್ತಿದ್ದೀನಿ. ಓದಿ ನೋಡು, ಅವಳ ಬಾಯಲ್ಲಿ ಒಂದು ಕೆಟ್ಟ ಮಾತಿದ್ರೆ ಹೇಳು.

ಕೊನೇ ಹಾಳೆಯ ಕೊನೆಯಲ್ಲಿ ಬರೀ ಒಂದು ಗೆರೆ ಇದೆ, ಬಿಟ್ಟುಹೋಗಿದೆ ಅಂದ್ಕೋಬೇಡ. ನಾಟಕದ ಕೊನೇ ಮಾತು ಮಾರ್ಥಾಳದ್ದು. ನಮ್ಮ ಕಸುಬಲ್ಲಿ ಕೊನೇ ಮಾತನ್ನ ತಾಲೀಮಿನಲ್ಲಿ ಯಾರೂ ಆಡಲ್ಲ. ಮೊದಲ ದಿನ, ಜನರ ಎದುರಿಗೇ, ಅದು ಮೊದಲ ಸಲ ಬಾಯಿಂದ ಬರಬೇಕು. ಮುಂಚೆಯೇ ಆಡಿದರೆ ನಾಟಕ ಅಲ್ಲಿಗೇ ಮುಗಿದ ಹಾಗೆ, ಆಮೇಲೆ ಜನ ಬರಲ್ಲ ಅಂತ ನಂಬಿಕೆ. ನೀನು ನಗ್ತೀಯ, ಗೊತ್ತು. ನಾನಂತೂ ಅದನ್ನ ಕಾಗದಕ್ಕೂ ಇಳಿಸಿಲ್ಲ. ಲೆವರಿಂಗ್ "ಜನ ಅಳ್ತಾರಾ?" ಅಂತ ಕೇಳಿದರು. "ಅಳ್ತಾರೆ" ಅಂದೆ. "ಹಾಗಾದರೆ ನನಗೆ ಗೊತ್ತಾಗೋದು ಬೇಡ" ಅಂದರು. ಮಾರ್ಥಾ ಆಗೋ ಮಿಸೆಸ್ ಡೆಲಹಂಟ್ ಕಿವೀಲಿ ಆ ದಿನ ಪರದೆ ಏಳೋ ಮುಂಚೆ ಹೇಳ್ತೀನಿ. ಅಲ್ಲೀವರೆಗೆ ಅದು ನನ್ನ ಹೊಟ್ಟೇಲೇ ಇರುತ್ತೆ.

ಹೆಸರು ಮಾತ್ರ ಲೂಮಿಸ್ಸೇ.

ಡ್ರೂಸಿ


ಹಾರ್ಮನ್ಸ್ ಫೆರಿ
22 ಫೆಬ್ರವರಿ 1911

ಡ್ರೂಸಿಲ್ಲಾ,

ಹತ್ತೊಂಬತ್ತು ಹಾಳೆ, ಮೂರು ಸಲ ಓದಿದೆ. ಕೆಂಪು ಶಾಯಿ ಪಕ್ಕದಲ್ಲಿತ್ತು, ಅಭ್ಯಾಸಬಲ.

ಮಾರ್ಥಾಗೆ ಕನ್ನಡಕವಿಲ್ಲ, ಒಪ್ಪಿದೆ. ಆದರೆ ಸಿಟ್ಟು ಬಂದಾಗ ಅವಳು ಮೇಜಿನ ಮೇಲಿನ ರೊಟ್ಟಿಯ ಚೂರುಗಳನ್ನು ಅಂಗೈಯಿಂದ ಒಟ್ಟುಮಾಡುತ್ತಾಳೆ. ಅದು ಯಾರ ಚಾಳಿ ಎಂದು ಈ ಊರಿನ ಯಾವ ಮಗುವನ್ನು ಕೇಳಿದರೂ ಹೇಳೀತು.

ಮೂರನೇ ಅಂಕಕ್ಕೆ ಬಂದೆ. ಎರಡು ಹಾಳೆ ಪೂರ್ತಿ ಅವಳಿಗೆ ಮಾತೇ ಇಲ್ಲ. ಬರೀ ಬಾಲಗಳು. "...ಒಂದು ತಂತಿ ಸಾಕಿತ್ತು." ಮಾರ್ಥಾ ಸುಮ್ಮನಿರುತ್ತಾಳೆ. "...ಮನೆ ಖಾಲಿಯಾಗಿತ್ತು." ಮಾರ್ಥಾ ಸುಮ್ಮನಿರುತ್ತಾಳೆ. "...ಅದೇ ಅವರನ್ನು ಕೊಂದಿತು." ಮಾರ್ಥಾ ಸುಮ್ಮನಿರುತ್ತಾಳೆ. ಕೊನೆಗೆ ನಿನ್ನ ಗೆರೆ.

ಅಪ್ಪನನ್ನು ಕೊಂದವಳು ನಾನು ಎಂದು ಸಾವಿರ ಜನರ ಮುಂದೆ ಹೇಳಿಸುತ್ತಿದ್ದೀಯ, ಅದಕ್ಕೆ ನಾನು ಪೆಚ್ಚುಪೆಚ್ಚಾಗಿ ನಿಂತಿರಬೇಕು. ನಿಮೋನಿಯಾ ಕೊಂದದ್ದು ಅವರನ್ನು. ಡಾಕ್ಟರು ಬರೆದುಕೊಟ್ಟ ಚೀಟಿ ಇನ್ನೂ ಇದೆ. ಈ ಊರಿನಿಂದ ಕೊಲಂಬಸ್ಸಿಗೆ ಬೆಳಗಿನ ರೈಲಿದೆ ಎಂದು ನೀನೇ ನೆನಪಿಸಿದೆ. ನೋಡಿದವರು ಮರುದಿನ ನನ್ನ ಶಾಲೆಯ ಮುಂದೆಯೇ ಹಾದುಹೋಗುತ್ತಾರೆ.

ಎರಡರಲ್ಲಿ ಒಂದು ಮಾಡು. ತಂತಿಯನ್ನು ತೆಗೆದುಹಾಕು. ಇಲ್ಲವೇ ಕೊನೆಯ ಮಾತು ಏನೆಂದು ನನಗೆ ಹೇಳು. ನನ್ನ ಬಾಯಲ್ಲಿ ಏನು ಇಡುತ್ತಿದ್ದೀಯ ಎಂದು ತಿಳಿಯುವ ಹಕ್ಕು ನನಗಿದೆ.

ತಿರ್ಜಾ


ನ್ಯೂಯಾರ್ಕ್
26 ಫೆಬ್ರವರಿ 1911, ಭಾನುವಾರ

ತಿರ್ಜಾ,

ಬಾಲ ನೋಡಿ ಹಸುವಿಗೆ ಬೆಲೆ ಕಟ್ಟಿದ ಹಾಗಾಯ್ತು ನಿನ್ನ ಓದು. ಪೂರ್ತಿ ಮಾತು ಹೀಗಿದೆ: "ನಾನು ಮನೆ ಬಿಟ್ಟು ಓಡಿ ಹೋದೆನಲ್ಲ, ಅದೇ ಅವರನ್ನು ಕೊಂದಿತು." ತಂಗಿ ತನ್ನನ್ನೇ ಅಂದ್ಕೊಳ್ತಿದ್ದಾಳೆ. ನಿನ್ನನ್ನಲ್ಲ. ಹದಿನಾಲ್ಕು ವರ್ಷದಿಂದ ನನ್ನನ್ನ ನಾನು ಅಂದ್ಕೊಂಡಿದ್ದೇ ಅದು. ಈಗ ನಿನಗೆ ಗೊತ್ತಾಯ್ತು.

ನೀನು ಕೇಳಿದೆ, ನಾನೂ ಕೇಳ್ತೀನಿ. ಅಪ್ಪ ನನ್ನ ಹೆಸರು ಕರೀತಾ ಇದ್ದರು. ತಂತಿ ಆಫೀಸು ನಮ್ಮ ಮನೆಯಿಂದ ಎರಡು ಮನೆ ಆಚೆ. ನಾನಿದ್ದದ್ದು ಪಿಟ್ಸ್‌ಬರ್ಗ್‌ನಲ್ಲಿ, ಒಂದು ರಾತ್ರಿಯ ದಾರಿ, ನಮ್ಮ ಕಂಪನಿಯ ವಿಳಾಸ ನಿನ್ನ ಹತ್ತಿರ ಇತ್ತು. ನೀನು ಕಳಿಸಲಿಲ್ಲ. ಯಾಕೆ ಅಂದದ್ದಕ್ಕೆ "ನೀನು ತಲುಪುವುದಿಲ್ಲ ಅನ್ನಿಸಿತು, ನನಗೂ ಸಿಟ್ಟಿತ್ತು" ಅಂತ ಒಂದು ಸಾಲು ಬರೆದೆ. ಆ ಒಂದು ಸಾಲನ್ನ ಇಟ್ಕೊಂಡು ನಾನು ಹದಿನಾಲ್ಕು ವರ್ಷ ಬದುಕಿದ್ದೀನಿ. ಕ್ರಿಸ್ಮಸ್ಸಿಗೆ ನಿನಗೆ ಕೈಗವಸು ಕಳಿಸಿದ್ದೀನಿ, ನೀನು ಪ್ಲಮ್ ಜಾಮ್ ಕಳಿಸಿದ್ದೀಯ. ಮತ್ತೆ ಒಂದು ಸಲಾನೂ ಕೇಳಲಿಲ್ಲ ನಾನು. ಕೇಳೋಕೆ ಧೈರ್ಯ ಇರಲಿಲ್ಲ, ಅದಕ್ಕೇ ನಾಟಕ ಬರೆದೆ.

ತಂತಿ ತೆಗೆಯಲ್ಲ, ತೆಗೆದರೆ ಉಳಿಯೋದು ಬರೀ ಕುರ್ಚಿ ಮೇಜು. ಕೊನೇ ಮಾತೂ ಹೇಳಲ್ಲ. ಬೇಕಾದರೆ ಬಂದು ಕೇಳು.

ಡ್ರೂಸಿ


ಹಾರ್ಮನ್ಸ್ ಫೆರಿ
4 ಮಾರ್ಚ್ 1911

ಡ್ರೂಸಿಲ್ಲಾ,

ತಂತಿ ಹಾಗೇ ಇರಲಿ. ಇನ್ನು ಆ ಮಾತು ಎತ್ತುವುದಿಲ್ಲ.

ಕೊಲಂಬಸ್ಸಿನ ಪತ್ರಿಕೆಯಲ್ಲಿ ನಿಮ್ಮ ಕಂಪನಿಯವರು ಹಾಕಿಸಿದ್ದನ್ನು ಯಾರೋ ಕತ್ತರಿಸಿ ನನ್ನ ಮೇಜಿನ ಮೇಲೆ ಇಟ್ಟುಹೋಗಿದ್ದರು. "ಲೇಖಕಿಯ ಸ್ವಂತ ಮನೆಯ ನಿಜ ಕಥೆ. ಸಾಯುವ ತಂದೆಯಿಂದ ತಂಗಿಯನ್ನು ದೂರವಿಟ್ಟ ಅಕ್ಕ ಇಂದಿಗೂ ಓಹಾಯೊ ನದಿಯ ದಡದ ಊರೊಂದರಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಾಳೆ." ಮಾರ್ಥಾಗೆ ಕನ್ನಡಕವಿಲ್ಲ ಎಂದಿದ್ದೆ. ಹಾಕಿಸಿಬಿಟ್ಟಿರಿ.

ಇಲ್ಲಿ ಎಲ್ಲ ಮಾಮೂಲು. ಒಲೆ ಸರಿಯಾಯಿತು. ನನ್ನ ಟಿಕೀಟನ್ನು ಬೇರೆ ಯಾರಿಗಾದರೂ ಕೊಡು, ಆ ವಾರ ಪರೀಕ್ಷೆಯಿದೆ.

ತಿರ್ಜಾ


ನ್ಯೂಯಾರ್ಕ್
13 ಮಾರ್ಚ್ 1911, ಸೋಮವಾರ

ಅಕ್ಕಾ,

ಆ ಪತ್ರಿಕೆಯ ವಿಷಯ ನನಗೆ ಗೊತ್ತಿರಲಿಲ್ಲ. ನೀನು ನಂಬಬೇಕು. ನಿನ್ನ ಕಾಗದ ಹಿಡ್ಕೊಂಡು ನೇರ ಲೆವರಿಂಗ್ ಮುಂದೆ ಹೋಗಿ ನಿಂತೆ. "ಮಿಸ್ ಲೂಮಿಸ್, ಅದು ಜಾಹೀರಾತು" ಅಂದರು. "ಮೂರು ದಿನದ ಟಿಕೀಟು ಈಗಾಗಲೇ ಹೋಗಿದೆ. ನಿಮ್ಮ ಅಕ್ಕನಿಗೆ ಒಂದು ಹೂಗುಚ್ಛ ಕಳಿಸಿ." ಬಾಯಿಗೆ ಬಂದದ್ದು ಬೈದೆ. ಅವರು ಚುರುಟು ಹಚ್ಚಿದರು, ಅಷ್ಟೇ.

ಇದು ಸಾಲದು ಅಂತ, ನಾನು ಅಳ್ತಾ ಇರೋವಾಗಲೇ ಮಿಸೆಸ್ ಡೆಲಹಂಟ್ ಕೈಕೊಟ್ಟರು. "ಎರಡು ಹಾಳೆ ಉದ್ದಕ್ಕೂ ಆ ಹುಡುಗಿ ಗೋಳಾಡ್ತಾಳೆ, ನಾನು ಕುರ್ಚಿ ಹಿಡಿದು ಕಂಬದ ಹಾಗೆ ನಿಂತಿರಬೇಕು. ಜನ ನನಗೆ ಮೊಟ್ಟೆ ಹೊಡೀತಾರೆ. ನನಗೂ ಮಾನ ಇದೆ" ಅಂದರು. ಆ ಹುಡುಗಿ ಅಂದರೆ ನಾನು, ಮೂವತ್ತೈದರ ಹುಡುಗಿ. ಇನ್ನು ಹತ್ತೇ ದಿನ ಅಂದಾಗ ಬೇರೆ ಯಾರನ್ನ ಹುಡುಕೋದು? ಮಾರ್ಥಾಳ ಮಾತು ಪೂರ್ತಿ ಬರೋದು ನನಗೊಬ್ಬಳಿಗೇ. ಮಾರ್ಥಾ ನಾನಾದೆ. ತಂಗಿ ಎಲೆನ್ ಪಾತ್ರಕ್ಕೆ ಪರ್ಲ್ ಅಂತ ಒಬ್ಬಳು, ಇಪ್ಪತ್ತೆರಡು ವರ್ಷ, ಚೆನ್ನಾಗಿ ಅಳ್ತಾಳೆ.

ಅಕ್ಕಾ, ಈಗ ಕೇಳು. ಮೂರು ದಿನದಿಂದ ನಾನು ಆ ಕುರ್ಚಿ ಹಿಡಿದು ನಿಲ್ತಿದ್ದೀನಿ. ಪರ್ಲ್ ಅಳ್ತಾಳೆ, ಬೇಡ್ಕೋತಾಳೆ, "ಒಂದು ತಂತಿ ಸಾಕಿತ್ತು" ಅಂತಾಳೆ. ನಾನು ಸುಮ್ಮನಿರ್ತೀನಿ. ಸುಮ್ಮನಿರೋದು ಸುಲಭ ಅಂತ ಅಂದ್ಕೊಂಡಿದ್ದೆ. ಆದರೆ ಸುಮ್ಮನಿರೋಳು ಮನಸ್ಸಲ್ಲಿ ಏನಾದರೂ ಅಂದ್ಕೋತಿರಬೇಕಲ್ಲ, ಇಲ್ಲದಿದ್ದರೆ ಮುಖ ಮರದ ಹಲಗೆ ಆಗುತ್ತೆ. ಸಿಟ್ಟು ಅಂತ ಇಟ್ಕೊಂಡೆ, ಹೊಂದಲಿಲ್ಲ. ಹೊಟ್ಟೆಕಿಚ್ಚು, ಅದೂ ಎರಡು ಸಾಲಿಗೆ ಮುಗಿದುಹೋಯ್ತು. ಪಶ್ಚಾತ್ತಾಪ ಅಂದ್ಕೊಂಡರೆ ಅವಳು ಬಾಯಿಬಿಡಬೇಕು, ಬಿಡಲ್ಲ. ಬರೆದವಳು ನಾನೇ, ನನಗೇ ಗೊತ್ತಿಲ್ಲ. ಇಷ್ಟು ಹೊತ್ತು ಬಾಯಿ ಮುಚ್ಚಿರೋ ಹೆಂಗಸು ಏನನ್ನೋ ಕಾಯ್ತಿದ್ದಾಳೆ ಅನ್ನಿಸ್ತಿದೆ. ಏನನ್ನ?

ಇನ್ನೊಂದು ಗೊತ್ತಾಯ್ತು. ಪೋಸ್ಟರ್ ಅಂಟಿಸೋ ನಮ್ಮವನು ಹಾರ್ಮನ್ಸ್ ಫೆರಿಗೂ ಹೋಗಿದ್ದ, ಕ್ಷೌರದ ಅಂಗಡೀಲಿ ಕೇಳಿಸ್ಕೊಂಡು ಬಂದ. ಬೋರ್ಡಿನವರು ನಿನ್ನನ್ನ ಕರೆಸಿದ್ದರಂತೆ. "ಸಾಯೋ ಮನುಷ್ಯನ ಮಗಳನ್ನ ದೂರ ಇಟ್ಟದ್ದು ನಿಜವೇ ಮಿಸ್ ಲೂಮಿಸ್?" ಅಂತ ವಿಟ್ಲಾಕ್ ಕೇಳಿದರಂತೆ. ನೀನು ಮೇಜಿನ ಮೇಲೆ ಚೂರಿಲ್ಲದಿದ್ದರೂ ಕೈ ಆಡಿಸ್ತಾ ಕೂತಿದ್ದೆಯಂತೆ, ಒಂದು ಮಾತೂ ಆಡಲಿಲ್ಲವಂತೆ. ಬೋರ್ಡಿನವರೆಲ್ಲ ನಾಟಕ ನೋಡಿ, 22ಕ್ಕೆ ನಿನ್ನ ವಿಷಯ ತೀರ್ಮಾನ ಮಾಡ್ತಾರಂತೆ. ಏಳು ಜನಾನೂ ಟಿಕೀಟು ತಗೊಂಡಿದ್ದಾರೆ. "ಎಲ್ಲ ಮಾಮೂಲು" ಅಂತ ಬರೆದೆಯಲ್ಲ ನೀನು.

ಆ ಕುರ್ಚಿ ಹಿಡಿದು ನಿಂತಾಗ ನೀನು ಏನು ಅಂದ್ಕೋತೀಯ? ಹೇಳು. ಬೈದಾದರೂ ಹೇಳು. 17ಕ್ಕೆ ನಾವು ಕೊಲಂಬಸ್‌ಗೆ ಬರ್ತೀವಿ, ಹೋಟೆಲಿನ ವಿಳಾಸ ಹಿಂದುಗಡೆ ಬರೆದಿದ್ದೀನಿ.

ಡ್ರೂಸಿ


ಹಾರ್ಮನ್ಸ್ ಫೆರಿ
16 ಮಾರ್ಚ್ 1911

ಡ್ರೂಸಿ,

ನಿನ್ನ ಕಾಗದ ಓದಿ ಇಡೀ ದಿನ ಪಾಠ ಮಾಡಿದೆ. ಏನು ಪಾಠ ಮಾಡಿದೆ ಎಂದು ನೆನಪಿಲ್ಲ.

ಇದರ ಜೊತೆ ಒಂದು ಹಳದಿ ಕಾಗದ ಇಟ್ಟಿದ್ದೇನೆ. ತಂತಿ ಆಫೀಸಿನ ಫಾರಂ. "ಅಪ್ಪನಿಗೆ ಕಾಯಿಲೆ ಜೋರು. ಕೂಡಲೇ ಹೊರಟು ಬಾ. ತಿರ್ಜಾ." ಇದನ್ನು ಬರೆದು ತಂತಿ ಆಫೀಸಿಗೆ ಹೊರಟದ್ದು ಅಪ್ಪ ತೀರಿಕೊಂಡ ವಾರದ ಮಂಗಳವಾರ. ಹೋಗುವ ಮುಂಚೆ ಅಪ್ಪನಿಗೆ ಹೇಳಿದೆ, ಡ್ರೂಸಿಗೆ ತಂತಿ ಕೊಡುತ್ತೇನೆ ಅಂತ. ಅವರು ಖುಷಿಪಡುತ್ತಾರೆ ಎಂದೇ ನಂಬಿದ್ದೆ. "ಕರೀಬೇಡ" ಅಂದರು. "ಅವಳು ಈ ಬಾಗಿಲು ದಾಟಿದರೆ ನಾನು ಗೋಡೆ ಕಡೆ ಮುಖ ಮಾಡ್ತೀನಿ. ನನ್ನ ಹೆಸರು ಆಟದವರ ಚೀಟಿ ಮೇಲೆ ಬರಬಾರದು ಅಂತ ಹೇಳು, ಅಷ್ಟು ಹೇಳಿದರೆ ಸಾಕು." ಜ್ವರದ ಮಾತಲ್ಲ. ಆಗ ಪೂರ್ತಿ ಎಚ್ಚರವಿತ್ತು. ಶುಕ್ರವಾರ ಹೋದರು. ನಿನ್ನ ಹೆಸರು ಕರೆಯಲಿಲ್ಲ, ಡ್ರೂಸಿ. ಒಂದು ಸಲವೂ ಕರೆಯಲಿಲ್ಲ. ಕರೆದರು ಎಂದು ಬರೆದದ್ದು ನಾನು.

ಮಣ್ಣಾದ ಮೂರನೇ ದಿನ ನೀನು ಬಂದೆ. ಬಾಗಿಲಲ್ಲಿ ನಿಂತು, "ಅಪ್ಪ ನನ್ನ ಬಗ್ಗೆ ಏನಾದರೂ ಅಂದರಾ?" ಎಂದು ಕೇಳಿದೆ. ನಾನು ಉತ್ತರ ಕೊಡದೆ ಒಳಗೆ ಹೋದೆ. ನೀನು ಹೋದ ಮೇಲೆ ಕಾಗದ ಬರೆದೆ. ಅಕ್ಕ ತಪ್ಪು ಮಾಡಿದಳು ಎಂದಾದರೆ ಬದುಕಿರುವವರೆಗೂ ಅಕ್ಕನ ಜೊತೆ ಜಗಳವಾಡಬಹುದು. ಅಪ್ಪನೇ ಬೇಡವೆಂದರೆ ಯಾರ ಜೊತೆ ಆಡುತ್ತೀಯ? ನಾನು ಹೇಗೂ ಸಿಡುಕಿ, ಇನ್ನೊಂದು ತಪ್ಪು ಸೇರಿದರೆ ಏನಾಯಿತು ಅಂದುಕೊಂಡೆ. ಅವರನ್ನು ನೀನು ಕೊಂದೆ ಎಂದು ನೀನು ಅಂದುಕೊಂಡಿರುವೆ ಎಂದು ನಿನ್ನ ಫೆಬ್ರವರಿಯ ಕಾಗದ ಬರುವವರೆಗೆ ನನಗೆ ಹೊಳೆದಿರಲೇ ಇಲ್ಲ. ಮೊದಲೇ ತಿಳಿದಿದ್ದರೆ ಎಂದೋ ಹೇಳಿಬಿಡುತ್ತಿದ್ದೆ; ತಿಳಿದ ಮೇಲೂ ಬರೆಯಲು ಇಷ್ಟು ದಿನ ಹಿಡಿಯಿತು.

ಬೋರ್ಡಿನ ಮುಂದೆಯೂ ಹೇಳಬಹುದಿತ್ತು. ಹೇಳಿದ್ದರೆ ಮರುದಿನ ಪತ್ರಿಕೆಯಲ್ಲಿ ಬರುತ್ತಿತ್ತು, ನೀನು ಅಲ್ಲಿ ಓದುತ್ತಿದ್ದೆ. ಪತ್ರಿಕೆಯಲ್ಲಿ ಓದುವ ವಿಷಯವಲ್ಲ ಇದು.

ಮಾರ್ಥಾ ಕುರ್ಚಿ ಹಿಡಿದು ಏನು ಅಂದುಕೊಳ್ಳುತ್ತಾಳೆ ಎಂದು ಕೇಳಿದೆ. ಈ ಹುಡುಗಿ ಇನ್ನೊಂದು ಪ್ರಶ್ನೆ ಕೇಳದೇ ಇರಲಪ್ಪ ದೇವರೇ ಎಂದುಕೊಳ್ಳುತ್ತಾಳೆ. ಬೇರೇನೂ ಇಲ್ಲ.

ನಿನ್ನ ಕೊನೆಯ ಮಾತು ಏನಾದರೂ ಇರಲಿ, ಆಡು. ಕೆಲಸ ಹೋದರೆ ಹೋಗಲಿ. ಹೆಸರು ತೆಗೆಯುವುದೋ ಬಿಡುವುದೋ ಈಗ ನೀನೇ ನೋಡು. ಸ್ಪೆಷಲ್ ಡೆಲಿವರಿಗೆ ಹಾಕುತ್ತಿದ್ದೇನೆ.

ತಿರ್ಜಾ


ಕೊಲಂಬಸ್
21 ಮಾರ್ಚ್ 1911, ಮಂಗಳವಾರ ಬೆಳಿಗ್ಗೆ

ಅಕ್ಕಾ,

ನಿನ್ನ ಕಾಗದ ಶನಿವಾರ ಬಂತು. ಶನಿವಾರ, ಭಾನುವಾರ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಎಲ್ಲರೂ ನನಗೆ ಮೊದಲ ದಿನದ ಹೆದರಿಕೆ ಅಂದ್ಕೊಂಡರು. ಲೆವರಿಂಗ್ ಸೂಪು ಕಳಿಸಿಕೊಟ್ಟರು.

ನಾನು ಹೊಟ್ಟೇಲಿ ಇಟ್ಕೊಂಡಿದ್ದ ಕೊನೇ ಮಾತು ಏನಾಗಿತ್ತು ಗೊತ್ತಾ? ಮಾರ್ಥಾ ತಂಗಿಯ ತಲೆ ಮೇಲೆ ಕೈಯಿಟ್ಟು, "ಅಪ್ಪ ಕೊನೇವರೆಗೂ ನಿನ್ನನ್ನೇ ಕೇಳ್ತಿದ್ದರು" ಅನ್ನಬೇಕು. ಪರದೆ. ನೀನು ಬರೆದ ಸಾಲೇ ಅದು. ನಿನ್ನ ಸುಳ್ಳನ್ನ ನಿನ್ನ ಬಾಯಲ್ಲೇ ಇಟ್ಟು, ಅಳಿಸಿ, ಚಪ್ಪಾಳೆ ತಗೋಬೇಕು ಅಂತಿದ್ದೆ ನಾನು.

ಥಿಯೇಟರು ತುಂಬಿತ್ತು. ಪರದೆಯ ತೂತಲ್ಲಿ ನೋಡಿದೆ, ಐದನೇ ಸಾಲಲ್ಲಿ ವಿಟ್ಲಾಕ್, ಅವರ ಹೆಂಡತಿ, ಬೋರ್ಡಿನ ಉಳಿದವರು ಹಾಡಿನ ತಂಡದ ಹಾಗೆ ಸಾಲಾಗಿ ಕೂತಿದ್ದರು. ನನ್ನ ಸೊಂಟಪಟ್ಟಿಯೊಳಗೆ ನಿನ್ನ ಹಳದಿ ಕಾಗದ. ಮೊದಲೆರಡು ಅಂಕ ಹೇಗಾಯ್ತೋ ಗೊತ್ತಿಲ್ಲ, ಬಾಯಿ ತಾನೇ ನಡೀತು.

ಮೂರನೇ ಅಂಕ. ಕುರ್ಚಿ ಹಿಡಿದು ನಿಂತೆ. ಪರ್ಲ್ ಅತ್ತಳು. ನಿನ್ನೆ ಮಾತ್ರ ನಾನು ಏನು ಅಂದ್ಕೋಬೇಕು ಅಂತ ಹುಡುಕಬೇಕಾಗಲಿಲ್ಲ. ಇವಳು ಇನ್ನೊಂದು ಪ್ರಶ್ನೆ ಕೇಳದೇ ಇರಲಿ, ಕೇಳದೇ ಇರಲಿ ಅಂತಲೇ ನಿಂತಿದ್ದೆ. ಸಭೆ ಕೆಮ್ಮೋದು ನಿಲ್ಲಿಸ್ತು. ಎಲ್ಲರೂ ಮಾರ್ಥಾಳನ್ನ ದ್ವೇಷಿಸ್ತಿದ್ದಾರೆ ಅಂತ ಬೆನ್ನಲ್ಲೇ ಗೊತ್ತಾಗ್ತಿತ್ತು. ನಿನಗೆ ಬೋರ್ಡಿನವರ ಆ ಕೋಣೇಲಿ ಹೇಗಿದ್ದಿರಬಹುದು ಅಂತ ಆಗ ತಿಳೀತು.

ಪರ್ಲ್‌ಗೆ ನಾನು ಹೇಳಿದ್ದು ಇಷ್ಟೇ, "ನಾನು ಕೊನೇ ಮಾತು ಆಡ್ತೀನಿ, ನಿನಗೇನು ಅನ್ನಿಸುತ್ತೋ ಅದು ಮಾಡು." ಅದು ಏನು ಅಂತ ಅವಳಿಗೆ ಗೊತ್ತಿಲ್ಲ, ಲೆವರಿಂಗ್‌ಗೆ ಗೊತ್ತಿಲ್ಲ, ಪರದೆ ಎಳೆಯೋನಿಗೂ ಗೊತ್ತಿಲ್ಲ. ಭೂಮಿ ಮೇಲೆ ನನ್ನನ್ನ ತಡೆಯೋರು ಯಾರೂ ಇರಲಿಲ್ಲ. ಸೊಂಟದಿಂದ ನಿನ್ನ ಫಾರಂ ತೆಗೆದು ಮೇಜಿನ ಮೇಲಿಟ್ಟೆ. ಚೂರು ಒಟ್ಟುಮಾಡಿದ ಹಾಗೆ ಅಂಗೈಯಿಂದ ಸವರಿ ಮಡಿಕೆ ಬಿಡಿಸಿದೆ.

"ಕರೀಬೇಡ ಅಂದದ್ದು ಅಪ್ಪ. ನಾನಲ್ಲ."

ಪರ್ಲ್ ನೆಲದ ಮೇಲೆ ಕೂತುಬಿಟ್ಟಳು. ಅದು ನಟನೆಯಲ್ಲ. ಪರದೆ ಎಳೆಯೋನು ಮರೆತು ನಿಂತಿದ್ದ, ನಾನೇ ಕೈಸನ್ನೆ ಮಾಡಬೇಕಾಯ್ತು. ಆಮೇಲೆ ಹೊರಗೆ ಸದ್ದೇ ಇಲ್ಲ. ಹೋಯ್ತು, ನಾಟಕ ಮಲಗಿತು ಅಂದ್ಕೊಂಡೆ. ಲೆವರಿಂಗ್ ರಂಗದ ಪಕ್ಕದ ಮರೆಯಿಂದ ಓಡಿ ಬಂದು ನನ್ನ ತೋಳು ಹಿಡಿದರು. "ಅಳಿಸ್ತೀನಿ ಅಂದಿದ್ದಿರಿ, ಕೆನ್ನೆಗೆ ಹೊಡೆದುಬಿಟ್ಟಿರಲ್ಲ" ಅಂದರು. ಅಷ್ಟರಲ್ಲಿ ಚಪ್ಪಾಳೆ ಶುರುವಾಯ್ತು. ಪರದೆ ಹನ್ನೊಂದು ಸಲ ಎದ್ದಿತಂತೆ, ಪರ್ಲ್ ಎಣಿಸಿದಳು.

ನೀನು ಹದಿನಾಲ್ಕು ವರ್ಷ ಆಡದ ಮಾತು ಅದು ಅಕ್ಕಾ. ನಿನ್ನ ವೇಷ ಹಾಕ್ಕೊಂಡು ನಾನು ಆಡಿದೆ. ನನಗೆ ನಾಚಿಕೆಯಾಗಲಿಲ್ಲ ಅಂದರೆ ಸುಳ್ಳು. ಅಪ್ಪನಿಗೆ ಬೇಡವಾದ ಮಗಳು ಅಂತ ಊರಿನವರ ಮುಂದೆ ನಾನೇ ಸಾರಿದ ಹಾಗಾಯ್ತು. ಆದರೂ ಹೆಸರು ತೆಗೆಸಿಲ್ಲ. ಲೂಮಿಸ್ ಅನ್ನೋದು ಅಪ್ಪನೊಬ್ಬರ ಸ್ವತ್ತಲ್ಲ, ನಿನ್ನದೂ ಹೌದು. ನಾನು ನಿನ್ನದನ್ನ ತಗೊಂಡಿದ್ದೀನಿ.

ನಾಳೆ ಬೋರ್ಡಿನಲ್ಲಿ ಏನಾಯ್ತು ಅಂತ ಕೂಡಲೇ ಬರಿ.

ನಿನ್ನ ಡ್ರೂಸಿ


ಹಾರ್ಮನ್ಸ್ ಫೆರಿ
24 ಮಾರ್ಚ್ 1911

ಪ್ರೀತಿಯ ಡ್ರೂಸಿ,

ಏಳಕ್ಕೆ ಐದು ಕೈ ಎದ್ದವು. ಕೆಲಸ ಉಳಿಯಿತು. ವಿಟ್ಲಾಕ್ ಎದ್ದು ನಿಂತು ಟೋಪಿ ತಿರುಗಿಸುತ್ತಾ, "ಮಿಸ್ ಲೂಮಿಸ್, ಅವತ್ತೇ ಹೇಳಬಾರದಿತ್ತೇ" ಎಂದರು. "ಅವತ್ತು ನೀವು ಕೇಳಿದ್ದು ಬೇರೆ ಪ್ರಶ್ನೆ" ಎಂದೆ. ಅವರ ಹೆಂಡತಿ ಮಾರನೇ ದಿನ ಸೇಬಿನ ಪೈ ತಂದುಕೊಟ್ಟರು. ಅಪ್ಪನ ಬೆಂಚಿನ ಕಡೆಯ ಮುದುಕರು ಇಬ್ಬರು ಮಾತ್ರ ಸತ್ತವರ ಮೇಲೆ ಹೊರಿಸುವುದು ಸುಲಭ ಎನ್ನುತ್ತಿದ್ದಾರೆ.

ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಅದಕ್ಕೇ ಈ ಕಾಗದ.

ನಿನ್ನ ಕೊನೆಯ ಮಾತಿನಲ್ಲಿ ಎರಡು ವಾಕ್ಯಗಳಿವೆ. ಮೊದಲನೆಯದು ಸರಿ. ಎರಡನೆಯದನ್ನು ತೆಗೆ.

ಅಪ್ಪ ಕರೀಬೇಡ ಅಂದದ್ದು ಮಂಗಳವಾರ. ಗುರುವಾರದ ಹೊತ್ತಿಗೆ ಅವರಿಗೆ ಎಚ್ಚರವಿರಲಿಲ್ಲ. ಗೋಡೆ ಕಡೆ ಮುಖ ಮಾಡುವ ಶಕ್ತಿ ಇರಲಿಲ್ಲ, ಬಂದವರು ಯಾರು ಎಂದು ತಿಳಿಯುತ್ತಲೂ ಇರಲಿಲ್ಲ. ಅವತ್ತು ಬೆಳಿಗ್ಗೆ ಡಾಕ್ಟರು, "ಬರುವವರಿದ್ದರೆ ಕರೆಸಿಬಿಡಿ" ಅಂದರು. ಫಾರಂ ನನ್ನ ಏಪ್ರನ್ನಿನ ಜೇಬಿನಲ್ಲೇ ಇತ್ತು. ಆಗ ಕಳಿಸಿದ್ದರೆ ಶುಕ್ರವಾರ ಬೆಳಿಗ್ಗೆ ನೀನು ಬಂದು ಅವರ ಕೈ ಹಿಡಿದು ಕೂರಬಹುದಿತ್ತು. ಅವರು ಹೋದದ್ದು ಮಧ್ಯಾಹ್ನ.

ನಾನು ಕಳಿಸಲಿಲ್ಲ. ಅವರ ಬಟ್ಟೆ ಒಗೆದವಳು ನಾನು, ಗಂಜಿ ಕುಡಿಸಿದವಳು ನಾನು, ಬೈಸಿಕೊಂಡವಳು ನಾನು. ನೀನು ರೇಷ್ಮೆ ಟೋಪಿ ಹಾಕಿಕೊಂಡು ಒಳಗೆ ಬಂದರೆ ಇಡೀ ಮನೆ ನಿನ್ನ ಕಡೆ ತಿರುಗುತ್ತಿತ್ತು. ಯಾವಾಗಲೂ ಹಾಗೇ ಆಗುತ್ತಿತ್ತು. ಒಂದು ದಿನವಾದರೂ ಅಪ್ಪ ನನ್ನೊಬ್ಬಳಿಗೇ ಇರಲಿ ಅನ್ನಿಸಿತು. ಫಾರಂ ಮಡಿಸಿ ನಿಘಂಟಿನೊಳಗೆ ಇಟ್ಟೆ. ಹಿಂದಿನ ಕಾಗದದಲ್ಲಿ ಮಂಗಳವಾರ ಬರೆದೆ, ಶುಕ್ರವಾರ ಬರೆದೆ, ಗುರುವಾರ ಬರೆಯಲು ಕೈ ಬರಲಿಲ್ಲ.

ಬೋರ್ಡಿಗೆ ಇದನ್ನು ಹೇಳಿಲ್ಲ. ಹೇಳುವುದಾದರೆ ನಿನಗೆ ಮೊದಲು ಅಂದುಕೊಂಡೆ. ‘ನಾನಲ್ಲ’ ಎನ್ನುವುದು ಸುಳ್ಳು, ಡ್ರೂಸಿ. ನನ್ನ ಬಾಯಲ್ಲಿ ಅದನ್ನು ಇಡಬೇಡ.

ಉತ್ತರ ಬರೆಯಬೇಕೆಂದೇನಿಲ್ಲ.

ತಿರ್ಜಾ


ತಂತಿ
ಹಾರ್ಮನ್ಸ್ ಫೆರಿಯಿಂದ ನ್ಯೂಯಾರ್ಕಿಗೆ
8 ಏಪ್ರಿಲ್ 1911, ಶನಿವಾರ

ಹದಿನೈದು ದಿನ ಕಾದೆ. ಸೋಮವಾರ ನಾಟಕಕ್ಕೆ ಬರಲೇ. ಬೇಡವಾದರೆ ಹೇಳು. ತಿರ್ಜಾ


ತಂತಿ
ನ್ಯೂಯಾರ್ಕಿನಿಂದ ಹಾರ್ಮನ್ಸ್ ಫೆರಿಗೆ
8 ಏಪ್ರಿಲ್ 1911, ಶನಿವಾರ

ಎರಡನೇ ವಾಕ್ಯ ತೆಗೆದೆ. ಸಿಟ್ಟು ಇನ್ನೂ ಇದೆ. ಕೂಡಲೇ ಹೊರಟು ಬಾ. ಡ್ರೂಸಿ